ಮನೆಯಲ್ಲಿ ಮೇಕಪ್ ತಯಾರಿಸುವವರಿಗೆ: ಸಿಲಿಕೋನ್ ಮತ್ತು ಜಲಪ್ರಿಯ ಪದಾರ್ಥಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ತಮ್ಮ ಬಳಕೆಗೆಂದು ಫೌಂಡೇಶನ್, ಪ್ರೈಮರ್, ಕನ್ಸೀಲರ್‌ಗಳನ್ನು ಮನೆಯಲ್ಲೇ ತಯಾರಿಸಿಕೊಳ್ಳುವ ಗೆಳತಿಯರು ನನ್ನನ್ನು ಹೆಚ್ಚಾಗಿ ಕೇಳುವುದು ಒಂದೇ ವಿಷಯವನ್ನು. ಸಿಲಿಕೋನಿನ ನುಣುಪೂ ಬೇಕು, ಗ್ಲಿಸರಿನ್ ಹಾಗೂ ಲೋಳೆಸರದ ತೇವವೂ ಬೇಕು, ಆದರೆ ಎರಡೂ ಒಂದೇ ಡಬ್ಬಿಯಲ್ಲಿ ನಿಲ್ಲುವುದಿಲ್ಲ, ಏನು ಮಾಡಬೇಕು ಎಂಬುದು ಆ ಪ್ರಶ್ನೆ. ಅದಕ್ಕೂ, ಅದರ ಬೆನ್ನಿಗೆ ಬರುವ ಇತರ ಪ್ರಶ್ನೆಗಳಿಗೂ ಇಲ್ಲಿ ಉತ್ತರಿಸಿದ್ದೇನೆ.

ಸಿಲಿಕೋನ್ ಎಂದರೆ ಏನು? ಸಿಲಿಕಾನ್ ಎಂಬುದೂ ಅದೇ ಅಲ್ಲವೇ?

ಅಲ್ಲ. ನಮ್ಮ ಊರಿಗೆ ಸಿಲಿಕಾನ್ ಸಿಟಿ ಎಂಬ ಹೆಸರು ತಂದುಕೊಟ್ಟ ಸಿಲಿಕಾನ್ ಒಂದು ಮೂಲಧಾತು, ಚಿಪ್‌ಗಳಲ್ಲಿರುವುದು ಅದು. ಸಿಲಿಕೋನ್ ಎಂದರೆ ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಒಂದರ ಪಕ್ಕ ಒಂದು ಕೂಡಿಕೊಂಡ ಉದ್ದನೆಯ ಸರಪಳಿ, ಆ ಸರಪಳಿಯ ಎರಡೂ ಬದಿಗೆ ಮೀಥೈಲ್ ಗುಂಪುಗಳು ಅಂಟಿಕೊಂಡಿರುತ್ತವೆ. ಈ ಬಗೆಯ ಪದಾರ್ಥಗಳಲ್ಲಿ ಎಲ್ಲರಿಗೂ ಪರಿಚಿತವಾದದ್ದು ಡೈಮೆಥಿಕೋನ್. ಸರಪಳಿ ಚಿಕ್ಕದಾದಷ್ಟೂ ಅದು ನೀರಿನಂತೆ ಹರಿಯುತ್ತದೆ, ಉದ್ದವಾದಷ್ಟೂ ಜೇನುತುಪ್ಪದಂತೆ ದಪ್ಪವಾಗುತ್ತದೆ. ಅಂಗಡಿಯಲ್ಲಿ 5, 100, 350, 1000 ಸೆಂಟಿಸ್ಟೋಕ್ ಎಂದು ಬರೆದಿರುವುದು ಈ ದಪ್ಪದ ಅಳತೆಯನ್ನೇ. ಮುಖಕ್ಕೆ ಹಚ್ಚುವ ಪದಾರ್ಥಕ್ಕೆ ಕಾಸ್ಮೆಟಿಕ್ ದರ್ಜೆಯದ್ದನ್ನೇ ಕೊಳ್ಳಬೇಕು. ಹಾರ್ಡ್‌ವೇರ್ ಅಂಗಡಿಯ ಸಿಲಿಕೋನ್ ಸ್ಪ್ರೇ ಅಥವಾ ಯಂತ್ರಗಳಿಗೆ ಹಾಕುವ ಸಿಲಿಕೋನ್ ಎಣ್ಣೆ ಅಗ್ಗವೆಂದು ತಂದವರಿದ್ದಾರೆ. ಅದನ್ನು ದಯವಿಟ್ಟು ಚರ್ಮಕ್ಕೆ ಮುಟ್ಟಿಸಬೇಡಿ.

ಸಿಲಿಕೋನ್ ನೀರಿನೊಂದಿಗೆ ಏಕೆ ಬೆರೆಯುವುದಿಲ್ಲ?

ಕೆಸುವಿನ ಎಲೆಯ ಮೇಲೆ ಮಳೆಹನಿ ಹೇಗೆ ಮುತ್ತಿನಂತೆ ಉರುಳುತ್ತದೆ ಎಂಬುದನ್ನು ನೀವು ನೋಡಿಯೇ ಇರುತ್ತೀರಿ. ಡೈಮೆಥಿಕೋನ್ ಸವರಿದ ಚರ್ಮದ ಮೇಲೂ ನೀರು ಹಾಗೆಯೇ ಉರುಳುತ್ತದೆ. ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ; ಸಿಲಿಕೋನಿನ ಮೀಥೈಲ್ ಹೊದಿಕೆಯಲ್ಲಿ ಆ ಹಿಡಿತಕ್ಕೆ ಸಿಗುವಂಥದ್ದು ಏನೂ ಇಲ್ಲ. ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಪ್ಯಾಂಥೆನಾಲ್, ಲೋಳೆಸರದ ರಸ, ಪನ್ನೀರು, ಹಯಲುರಾನಿಕ್ ಆಮ್ಲ ಇವೆಲ್ಲವೂ ನೀರಿನ ಪಕ್ಷಕ್ಕೆ ಸೇರಿದವು, ಆದ್ದರಿಂದ ಇವೂ ಸಿಲಿಕೋನಿನಲ್ಲಿ ಕರಗುವುದಿಲ್ಲ. ಗ್ಲಿಸರಿನ್ ಎಣ್ಣೆಯಂತೆ ಜಿಗುಟಾಗಿ ಕಾಣುವುದರಿಂದ ಅದು ಸಿಲಿಕೋನಿಗೆ ಹೊಂದಬಹುದೆಂದು ಹಲವರು ಊಹಿಸುತ್ತಾರೆ. ಅದು ಹೊಂದುವುದಿಲ್ಲ. ಗ್ಲಿಸರಿನ್‌ನ ಸಾಂದ್ರತೆ 1.26, ಡೈಮೆಥಿಕೋನಿನದು ನೀರಿಗಿಂತ ಕೊಂಚ ಕಡಿಮೆ. ಹಾಗಾಗಿ ಎರಡನ್ನೂ ಎಷ್ಟೇ ಕಲಕಿಟ್ಟರೂ ಬೆಳಗಾಗುವಷ್ಟರಲ್ಲಿ ಗ್ಲಿಸರಿನ್ ಶೀಶೆಯ ತಳದಲ್ಲಿ ಬೇರೆಯಾಗಿ ನಿಂತಿರುತ್ತದೆ.

ಹಾಗಾದರೆ ಎರಡನ್ನೂ ಒಟ್ಟಿಗೆ ಬಳಸುವ ದಾರಿ ಯಾವುದು?

ಒಂದನ್ನು ಒಳಗಿಟ್ಟು ಇನ್ನೊಂದನ್ನು ಹೊರಗಿಡುವುದು. ಇಡೀ ವಿಷಯದ ಜೀವಾಳ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹಾಲು ಮತ್ತು ಬೆಣ್ಣೆಯನ್ನು ನೆನಪಿಸಿಕೊಳ್ಳಿ. ಎರಡರಲ್ಲೂ ಇರುವುದು ನೀರು ಮತ್ತು ಜಿಡ್ಡು. ಹಾಲಿನಲ್ಲಿ ನೀರು ಹೊರಗಿದೆ, ಜಿಡ್ಡಿನ ಸಣ್ಣ ಹನಿಗಳು ಅದರೊಳಗೆ ತೇಲುತ್ತಿವೆ. ಅದಕ್ಕೇ ಹಾಲಿಗೆ ಎಷ್ಟು ನೀರು ಬೆರೆಸಿದರೂ ಬೆರೆಯುತ್ತದೆ. ಕಡಗೋಲಿಟ್ಟು ಕಡೆದ ಮೇಲೆ ಬರುವ ಬೆಣ್ಣೆಯಲ್ಲಿ ವ್ಯವಸ್ಥೆ ತಲೆಕೆಳಗಾಗುತ್ತದೆ. ಅಲ್ಲಿ ಜಿಡ್ಡು ಹೊರಗೆ, ಸುಮಾರು ಶೇ. 16ರಷ್ಟು ನೀರು ಸಣ್ಣ ಹನಿಗಳಾಗಿ ಒಳಗೆ. ಬೆಣ್ಣೆಯನ್ನು ತಣ್ಣೀರಿನ ಬಟ್ಟಲಿನಲ್ಲಿ ತೇಲಿಬಿಟ್ಟರೆ ಅದು ಕರಗದೆ ಮುದ್ದೆಯಾಗಿಯೇ ಇರುವುದು ಈ ಕಾರಣಕ್ಕೆ. ಮೇಕಪ್ಪಿನಲ್ಲಿಯೂ ನಮ್ಮ ಮುಂದಿರುವ ದಾರಿಗಳು ಇವೆರಡೇ. ನೀರು ಹೊರಗಿದ್ದು ಸಿಲಿಕೋನ್ ಒಳಗಿದ್ದರೆ ಹಚ್ಚಿದಾಗ ತಂಪಾಗಿ, ಹಗುರಾಗಿ ಇರುತ್ತದೆ, ಆದರೆ ಬೆವರಿಗೆ ಬೇಗ ಜಾರುತ್ತದೆ. ಸಿಲಿಕೋನ್ ಹೊರಗಿದ್ದು ನೀರು ಒಳಗಿದ್ದರೆ ರೇಷ್ಮೆಯಂತೆ ಹರಡುತ್ತದೆ, ಬೆವರು ಮತ್ತು ತುಂತುರು ಮಳೆಯನ್ನು ತಡೆಯುತ್ತದೆ, ಬಣ್ಣವೂ ಸಮವಾಗಿ ಕೂರುತ್ತದೆ. ಫೌಂಡೇಶನ್ನಿಗೆ ನಾನು ಆರಿಸುವುದು ಎರಡನೆಯದನ್ನು. ದಿನನಿತ್ಯದ ಹಗುರ ಲೋಷನ್‌ಗಾದರೆ ಮೊದಲನೆಯದು ಸಾಕು.

ತಯಾರಾದದ್ದು ಯಾವ ಬಗೆಯದು ಎಂದು ತಿಳಿಯಲು ಒಂದು ಲೋಟ ನೀರಿಗೆ ಅದರ ಒಂದು ತೊಟ್ಟು ಹಾಕಿ ನೋಡಬೇಕು. ತೊಟ್ಟು ಹಾಲಿನಂತೆ ಹರಡಿಕೊಂಡರೆ ನೀರು ಹೊರಗಿದೆ, ಬೆಣ್ಣೆಯಂತೆ ಮುದ್ದೆಯಾಗಿ ನಿಂತರೆ ಸಿಲಿಕೋನ್ ಹೊರಗಿದೆ. ಪಾತ್ರೆಯನ್ನು ಒಲೆಯ ಬಳಿಗೆ ಒಯ್ಯುವ ಮೊದಲೇ ಯಾವುದು ಹೊರಗಿರಬೇಕೆಂದು ತೀರ್ಮಾನಿಸಿ, ಅದಕ್ಕೆ ತಕ್ಕ ಎಮಲ್ಸಿಫೈಯರ್, ಅಂದರೆ ಬೆರೆಯದ ಎರಡನ್ನು ಕೂಡಿಸಿ ಹಿಡಿದಿಡುವ ಪದಾರ್ಥವನ್ನು ಆರಿಸಿಕೊಳ್ಳಿ. ನಾನು ನೋಡಿದ ಕೆಟ್ಟ ಬ್ಯಾಚ್‌ಗಳಲ್ಲಿ ಬಹುಪಾಲು ಈ ತೀರ್ಮಾನವನ್ನು ಮಾಡದೆ ಕೈಗೆ ಸಿಕ್ಕಿದ್ದನ್ನು ಕಲಸಿದ ಪರಿಣಾಮ.

ಲೋಷನ್‌ಗೆ ಬಳಸುವ ಎಮಲ್ಸಿಫೈಯಿಂಗ್ ವ್ಯಾಕ್ಸ್ ಅಥವಾ ಪಾಲಿಸಾರ್ಬೇಟ್ ಸಾಲುವುದಿಲ್ಲವೇ?

ನೀರು ಹೊರಗಿರುವ ಲೋಷನ್ನಿನಲ್ಲಿ ಶೇ. 2ರಿಂದ 5ರಷ್ಟು ಡೈಮೆಥಿಕೋನ್ ಸೇರಿಸಲು ಎಮಲ್ಸಿಫೈಯಿಂಗ್ ವ್ಯಾಕ್ಸ್ ಸಾಕು. ಸಿಲಿಕೋನ್ ಹೊರಗಿರಬೇಕಾದರೆ ಇವೆರಡೂ ಪ್ರಯೋಜನಕ್ಕೆ ಬರುವುದಿಲ್ಲ. ಅಲ್ಲಿ ಬೇಕಾದದ್ದು ಒಂದು ತುದಿಯಲ್ಲಿ ಸಿಲಿಕೋನ್, ಇನ್ನೊಂದು ತುದಿಯಲ್ಲಿ ನೀರಿಗೊಲಿಯುವ ಭಾಗ ಇರುವ ವಿಶೇಷ ಎಮಲ್ಸಿಫೈಯರ್. ಪೆಗ್-10 ಡೈಮೆಥಿಕೋನ್, ಸೆಟೈಲ್ ಪೆಗ್/ಪಿಪಿಜಿ-10/1 ಡೈಮೆಥಿಕೋನ್, ಲಾರೈಲ್ ಪೆಗ್-9 ಪಾಲಿಡೈಮೀಥೈಲ್‌ಸಿಲಾಕ್ಸಿಈಥೈಲ್ ಡೈಮೆಥಿಕೋನ್ ಇವು ಆ ಗುಂಪಿನವು. ಮೊದಲ ಬಾರಿ ಮಾಡುವವರಿಗೆ ಪೆಗ್-10 ಡೈಮೆಥಿಕೋನ್ ಒಳ್ಳೆಯದು, ಏಕೆಂದರೆ ಬಿಸಿ ಮಾಡದೆಯೇ ಅದರಿಂದ ಕೆಲಸ ಸಾಗುತ್ತದೆ. ಹೆಸರಿನ ಸಾಮ್ಯಕ್ಕೆ ಮಾತ್ರ ಮೋಸಹೋಗಬಾರದು. ಪೆಗ್-12 ಡೈಮೆಥಿಕೋನ್ ನೀರಿನಲ್ಲಿ ಕರಗುವ ಸಿಲಿಕೋನ್. ಟೋನರ್‌ಗೆ ಅಥವಾ ನೀರಿನ ಜೆಲ್‌ಗೆ ನುಣುಪು ಕೊಡಲು ಅದು ಸೊಗಸಾಗಿದೆ, ಆದರೆ ಪೆಗ್-10 ಮಾಡುವ ಕೆಲಸವನ್ನು ಅದು ಮಾಡಲಾರದು.

ಒಂದು ಮಾದರಿ ಅಳತೆ ಕೊಡಬಹುದೇ?

ಕೊಡುತ್ತೇನೆ. 100 ಗ್ರಾಂ ಫೌಂಡೇಶನ್ನಿಗೆ ಸಿಲಿಕೋನ್ ಭಾಗದಲ್ಲಿ 5 ಸೆಂಟಿಸ್ಟೋಕ್‌ನ ಡೈಮೆಥಿಕೋನ್ 16 ಗ್ರಾಂ, ಸಿಲಿಕೋನ್ ಇಲಾಸ್ಟೋಮರ್ ಜೆಲ್ (ರಬ್ಬರಿನ ಗುಣದ ಸಿಲಿಕೋನಿನ ದಪ್ಪ ಜೆಲ್) 6 ಗ್ರಾಂ, ಪೆಗ್-10 ಡೈಮೆಥಿಕೋನ್ 3 ಗ್ರಾಂ ಮತ್ತು ಸಿಲಿಕೋನಿಗೆ ಹೊಂದುವಂತೆ ಹೊದಿಕೆ ಕೊಟ್ಟ ವರ್ಣದ ಪುಡಿಗಳು ಒಟ್ಟು 10 ಗ್ರಾಂ. ನೀರಿನ ಭಾಗದಲ್ಲಿ ಡಿಸ್ಟಿಲ್ಡ್ ನೀರು 57 ಗ್ರಾಂ, ಗ್ಲಿಸರಿನ್ 5 ಗ್ರಾಂ, ಪ್ಯಾಂಥೆನಾಲ್ 1 ಗ್ರಾಂ, ಶುದ್ಧ ಸೋಡಿಯಂ ಕ್ಲೋರೈಡ್ 1 ಗ್ರಾಂ, ಫಿನಾಕ್ಸಿಈಥನಾಲ್ ಆಧಾರಿತ ಪ್ರಿಸರ್ವೇಟಿವ್ 1 ಗ್ರಾಂ. ಎಲ್ಲವನ್ನೂ ತೂಕದಲ್ಲೇ ಅಳೆಯಬೇಕು, ಚಮಚದಲ್ಲಿ ಅಲ್ಲ, 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

ಮೊದಲು ವರ್ಣದ ಪುಡಿಗಳನ್ನು ಡೈಮೆಥಿಕೋನಿನ ಸ್ವಲ್ಪ ಭಾಗದೊಂದಿಗೆ ಖಲುವಿನಲ್ಲಿ ಗಂಟಿಲ್ಲದಂತೆ ಅರೆದುಕೊಂಡು, ಉಳಿದ ಸಿಲಿಕೋನ್ ಪದಾರ್ಥಗಳನ್ನು ಅದಕ್ಕೆ ಸೇರಿಸಿ ಕಲಕಬೇಕು. ನೀರಿನ ಭಾಗವನ್ನು ಬೇರೆ ಬೀಕರಿನಲ್ಲಿ ಪೂರ್ತಿ ಕರಗಿಸಿಟ್ಟುಕೊಳ್ಳಬೇಕು. ಬಳಿಕ ನೀರನ್ನು ಸಿಲಿಕೋನಿಗೆ ಸುರಿಯಬೇಕೇ ಹೊರತು ಸಿಲಿಕೋನನ್ನು ನೀರಿಗೆ ಸುರಿಯಬಾರದು. ಮೊದಲ ಮೂರನೇ ಒಂದು ಭಾಗವನ್ನು ತೊಟ್ಟು ತೊಟ್ಟಾಗಿ, ಬಿಡದೆ ಕಲಕುತ್ತಾ, ಹತ್ತು ನಿಮಿಷವಾದರೂ ತೆಗೆದುಕೊಂಡು ಹಾಕಬೇಕು. ಆಗ ಬೀಕರಿನೊಳಗೆ ನಡೆಯುವುದನ್ನು ಗಮನಿಸಿ. ಗಾಢ ಕಂದು ಬಣ್ಣದ ದ್ರವ ಕ್ರಮೇಣ ತಿಳಿಯಾಗುತ್ತದೆ, ಆದರೂ ಅರ್ಧ ನೀರು ಹೋಗುವವರೆಗೆ ಮಜ್ಜಿಗೆಯಷ್ಟೇ ತೆಳ್ಳಗಿರುತ್ತದೆ. ಮುಕ್ಕಾಲು ಭಾಗ ಹೋದಾಗ ಕಡ್ಡಿ ಹಾದುಹೋದ ಗೆರೆ ಒಂದು ಕ್ಷಣ ಉಳಿಯುತ್ತದೆ, ಪೂರ್ತಿ ಹೋದ ಮೇಲೆ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಆಮೇಲೆ ಎರಡು ಮೂರು ನಿಮಿಷ ಜೋರಾಗಿ ಕಲಕಿದರೆ ಗಟ್ಟಿ ಮೊಸರಿನಂತೆ ನಿಲ್ಲುತ್ತದೆ. ಅವಸರ ಮಾಡಿ ನೀರನ್ನು ಒಮ್ಮೆಗೇ ಸುರಿದರೆ ಅದು ಪಾದರಸದಂತೆ ಗುಂಡಗಾಗಿ ತಳಕ್ಕೆ ಜಾರಿ, ಸಿಲಿಕೋನಿನ ಕೆಳಗೆ ಬೇರೆಯಾಗಿ ನಿಂತುಬಿಡುತ್ತದೆ.

ನೀರು ಸೇರಿಸಿದಷ್ಟೂ ಗಟ್ಟಿಯಾಗುವುದು ಹೇಗೆ?

ಅಡುಗೆಯ ಅನುಭವಕ್ಕೆ ಇದು ವಿರುದ್ಧವಾದ್ದರಿಂದ ಎಲ್ಲರೂ ಬೆರಗಾಗುತ್ತಾರೆ. ಸಾರು ಗಟ್ಟಿಯಾಯಿತೆಂದು ನೀರು ಬೆರೆಸಿದರೆ ತೆಳುವಾಗುತ್ತದೆ. ಇಲ್ಲಿ ನೀರು ಒಳಗಿನ ಹನಿಯಾಗಿರುವುದರಿಂದ ಹನಿಗಳ ಸಂಖ್ಯೆ ಹೆಚ್ಚಿದಷ್ಟೂ ಅವು ಒಂದಕ್ಕೊಂದು ಒತ್ತಿಕೊಂಡು ಅಲ್ಲಾಡಲು ಜಾಗವಿಲ್ಲದಂತಾಗುತ್ತದೆ, ಬುಟ್ಟಿಯಲ್ಲಿ ತುಂಬಿದ ನಿಂಬೆಹಣ್ಣುಗಳ ಹಾಗೆ. ಆದ್ದರಿಂದ ಫೌಂಡೇಶನ್ ತೆಳುವಾಗಬೇಕಾದರೆ ನೀರನ್ನು ಕಡಿಮೆ ಮಾಡಿ ಸಿಲಿಕೋನನ್ನು ಹೆಚ್ಚಿಸಬೇಕು.

ಉಪ್ಪು ಏಕೆ ಹಾಕುತ್ತೀರಿ?

ಹನಿಗಳೆಲ್ಲ ಒಂದೇ ಗಾತ್ರದಲ್ಲಿ ಇರುವುದಿಲ್ಲ. ಚಿಕ್ಕ ಹನಿಯಲ್ಲಿರುವ ನೀರು ನಿಧಾನವಾಗಿ ಸಿಲಿಕೋನಿನ ಮೂಲಕ ಹಾದು ದೊಡ್ಡ ಹನಿಗೆ ಸೇರುತ್ತಾ ಹೋಗುತ್ತದೆ, ಕೊನೆಗೆ ನೀರು ಒಡೆದು ಹೊರಗೆ ಬರುತ್ತದೆ. ಪ್ರತಿ ಹನಿಯಲ್ಲೂ ಉಪ್ಪು ಕರಗಿದ್ದರೆ ಅದು ನೀರನ್ನು ಅಲ್ಲೇ ಹಿಡಿದಿಡುತ್ತದೆ. ಶೇ. 0.5ರಿಂದ 2ರವರೆಗೆ ಸೋಡಿಯಂ ಕ್ಲೋರೈಡ್ ಅಥವಾ ಮೆಗ್ನೀಸಿಯಂ ಸಲ್ಫೇಟ್ ಸಾಕು. ಅಡುಗೆಮನೆಯ ಅಯೋಡಿನ್ ಉಪ್ಪು ಬೇಡ.

ಆದರೆ ಈ ಮಾತು ಸಿಲಿಕೋನ್ ಹೊರಗಿರುವ ವ್ಯವಸ್ಥೆಗೆ ಮಾತ್ರ ಅನ್ವಯಿಸುತ್ತದೆ. ಇದನ್ನು ನಾನು ಕಲಿತದ್ದು ಬ್ಯಾಚ್ ಕೆಡಿಸಿಕೊಂಡೇ. ವರ್ಷಗಳ ಹಿಂದೆ ಅಂಗಡಿಯಿಂದ ತಂದ ಲೋಳೆಸರದ ಜೆಲ್ ಅನ್ನು ಸಿದ್ಧ ಸಿಲಿಕೋನ್ ಪ್ರೈಮರ್‌ಗೆ ಸಮಸಮವಾಗಿ ಬೆರೆಸಿದ್ದೆ. ಮೊದಲ ಹತ್ತು ನಿಮಿಷ ಅದು ಬಿಳಿ ಕ್ರೀಮಿನಂತೆ ಎಷ್ಟು ಚೆನ್ನಾಗಿತ್ತೆಂದರೆ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಬೆಳಿಗ್ಗೆ ನೋಡಿದರೆ ಒಡೆದ ಹಾಲಿನಂತಾಗಿತ್ತು: ಮೇಲೆ ರಬ್ಬರಿನಂಥ ಬಿಳಿ ಗಂಟುಗಳು, ಕೆಳಗೆ ತಿಳಿನೀರು. ಉಪ್ಪು ಹಾಕಿದರೆ ಸರಿಹೋಗುತ್ತದೆಂದು ಎಲ್ಲೋ ಓದಿದ್ದನ್ನು ನಂಬಿ ಒಂದು ಚಿಟಿಕೆ ಹಾಕಿದೆ. ಉಳಿದಿದ್ದ ಜೆಲ್ ಕೂಡ ನೀರಾಗಿ ಹರಿಯಿತು. ಅಂಗಡಿಯ ಲೋಳೆಸರದ ಜೆಲ್‌ಗಳನ್ನು ಸಾಮಾನ್ಯವಾಗಿ ದಪ್ಪವಾಗಿಸುವುದು ಕಾರ್ಬೋಮರ್ ಎಂಬ ಪದಾರ್ಥ, ಉಪ್ಪು ಸೋಕಿದರೆ ಅದು ತನ್ನ ಹಿಡಿತ ಕಳೆದುಕೊಳ್ಳುತ್ತದೆ. ಜೊತೆಗೆ ಆ ಮಿಶ್ರಣದಲ್ಲಿ ಇವೆರಡನ್ನು ಕೂಡಿಸುವ ಸರಿಯಾದ ಎಮಲ್ಸಿಫೈಯರ್ ಕೂಡ ಇರಲಿಲ್ಲ. ಲೋಳೆಸರ ಬೇಕೆಂದರೆ ಕಾರ್ಬೋಮರ್ ಇಲ್ಲದ ರಸ ಅಥವಾ ಪುಡಿಯನ್ನು ನೀರಿನ ಭಾಗದಲ್ಲಿ ಕರಗಿಸಿ ಬಳಸಿ.

ಹಯಲುರಾನಿಕ್ ಆಮ್ಲ, ನಯಾಸಿನಮೈಡ್, ವಿಟಮಿನ್ ಸಿ ಸೇರಿಸಬಹುದೇ?

ಮೊದಲೆರಡನ್ನು ಸೇರಿಸಬಹುದು. ಸೋಡಿಯಂ ಹಯಲುರೊನೇಟ್ ಶೇ. 0.1ರಷ್ಟು ಸಾಕು, ಅದನ್ನು ಮೊದಲು ಗ್ಲಿಸರಿನ್‌ನಲ್ಲಿ ಕದಡಿ, ಬಳಿಕ ನೀರಿಗೆ ಹಾಕಿದರೆ ಗಂಟು ಕಟ್ಟುವುದಿಲ್ಲ. ನಯಾಸಿನಮೈಡ್ ಅನ್ನು ಶೇ. 2ರವರೆಗೆ ನೀರಿನ ಭಾಗದಲ್ಲಿ ಕರಗಿಸಬಹುದು. ವಿಟಮಿನ್ ಸಿ ಅಂದರೆ ಎಲ್-ಆಸ್ಕಾರ್ಬಿಕ್ ಆಮ್ಲವನ್ನು ಫೌಂಡೇಶನ್ನಿಗೆ ನಾನು ಹಾಕುವುದಿಲ್ಲ. ನೀರಿನಲ್ಲಿ ಅದು ಬೇಗ ಕಂದುಬಣ್ಣಕ್ಕೆ ತಿರುಗಿ ಕೆಡುತ್ತದೆ. ಅದೇ ಬೇಕೆಂದರೆ ನೀರೇ ಇಲ್ಲದ ಸಿಲಿಕೋನ್ ಜೆಲ್‌ನಲ್ಲಿ ಅದರ ನುಣ್ಣನೆಯ ಪುಡಿಯನ್ನು ಕದಡಿ ಬೇರೆಯಾಗಿ ಇಟ್ಟುಕೊಳ್ಳುವುದು ಮೇಲು. ಅದು ಕರಗಿರುವುದಿಲ್ಲ, ಹಚ್ಚುವಾಗ ಕೊಂಚ ರವೆರವೆಯಾಗಿರುತ್ತದೆ, ಆದರೆ ಕೆಡದೆ ಹೆಚ್ಚು ದಿನ ಉಳಿಯುತ್ತದೆ.

ವರ್ಣದ ಪುಡಿ ಒಂದೆಡೆ ಗಂಟು ಕಟ್ಟುತ್ತದೆ, ಏಕೆ?

ಬಹುಶಃ ಅದು ಹೊದಿಕೆಯಿಲ್ಲದ ಪುಡಿ. ಐರನ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಸಹಜವಾಗಿ ನೀರಿಗೆ ಒಲಿಯುವಂಥವು. ಸಿಲಿಕೋನಿನೊಳಗೆ ಹಾಕಿದರೆ ನೀರಿನ ಹನಿಗಳ ಕಡೆಗೆ ಓಡಿ ಅಲ್ಲಿ ಗುಂಪುಗೂಡುತ್ತವೆ, ಎಮಲ್ಷನ್ನನ್ನೂ, ಅಂದರೆ ಒಂದರೊಳಗೆ ಇನ್ನೊಂದು ಹನಿಯಾಗಿ ನಿಂತ ಈ ಮಿಶ್ರಣವನ್ನೂ ಒಡೆಯುತ್ತವೆ. ಡೈಮೆಥಿಕೋನ್ ಅಥವಾ ಟ್ರೈಈಥಾಕ್ಸಿಕ್ಯಾಪ್ರಿಲಿಲ್‌ಸಿಲೇನ್ ಹೊದಿಕೆ ಕೊಟ್ಟ ಪುಡಿಯನ್ನು ಕೇಳಿ ಕೊಳ್ಳಬೇಕು. ಸಂದೇಹವಿದ್ದರೆ ಒಂದು ಲೋಟ ನೀರಿನ ಮೇಲೆ ಒಂದು ಚಿಟಿಕೆ ಉದುರಿಸಿ. ಹೊದಿಕೆಯಿದ್ದರೆ ಆ ಪುಡಿ ನೀರಿಗಿಂತ ಎಷ್ಟೋ ಪಟ್ಟು ಭಾರವಿದ್ದೂ ಕೆರೆಯ ಮೇಲಿನ ಧೂಳಿನಂತೆ ಒಣದಾಗಿ ತೇಲುತ್ತದೆ. ಇಲ್ಲದಿದ್ದರೆ ನೆನೆದು ತಳಕ್ಕಿಳಿಯುತ್ತದೆ.

ಬಣ್ಣದ ಬಗ್ಗೆಯೂ ಒಂದು ಮಾತು. ಹೊರದೇಶದ ಅಳತೆಗಳಲ್ಲಿ ಟೈಟಾನಿಯಂ ಡೈಆಕ್ಸೈಡ್ ಹೆಚ್ಚಾಗಿರುತ್ತದೆ. ಗೋಧಿಬಣ್ಣದ ಅಥವಾ ಎಣ್ಣೆಗೆಂಪಿನ ಮುಖಕ್ಕೆ ಅದನ್ನೇ ಬಳಸಿದರೆ ಬೂದಿ ಬಳಿದಂತೆ ಕಾಣುತ್ತದೆ. ಬಿಳಿಯನ್ನು ಇಳಿಸಿ ಹಳದಿ ಮತ್ತು ಕೆಂಪು ಆಕ್ಸೈಡನ್ನು ಏರಿಸುತ್ತಾ, ದವಡೆಯ ಅಂಚಿನಲ್ಲಿ ಹಚ್ಚಿ, ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ನೋಡಿ ನಿರ್ಧರಿಸಬೇಕು. ನಮ್ಮ ಮೈಬಣ್ಣಕ್ಕೆ ಸರಿಹೊಂದುವ ಛಾಯೆ ಅಂಗಡಿಯಲ್ಲಿ ಸಿಗದೆ ಈ ಕೆಲಸಕ್ಕೆ ಇಳಿದವರೇ ನಮ್ಮಲ್ಲಿ ಹೆಚ್ಚು, ಆದ್ದರಿಂದ ಈ ಹಂತಕ್ಕೆ ಎಷ್ಟು ಹೊತ್ತು ಕೊಟ್ಟರೂ ಅದು ದಂಡವಲ್ಲ. ಟೈಟಾನಿಯಂ ಇದೆಯೆಂದು ಮನೆಯ ಫೌಂಡೇಶನ್ನನ್ನು ಸನ್‌ಸ್ಕ್ರೀನ್ ಎಂದು ನಂಬಬಾರದು. ಎಸ್‌ಪಿಎಫ್ ಅಳೆಯುವುದು ಪ್ರಯೋಗಾಲಯದಲ್ಲಿ ಮಾತ್ರ ಸಾಧ್ಯ.

ಕೊಬ್ಬರಿ ಎಣ್ಣೆ ಅಥವಾ ಹರಳೆಣ್ಣೆಯನ್ನು ಸಿಲಿಕೋನಿನೊಂದಿಗೆ ಬೆರೆಸಬಹುದೇ?

ಎಣ್ಣೆಯೆಲ್ಲ ಸಿಲಿಕೋನಿನ ನೆಂಟರಲ್ಲ. ಹರಳೆಣ್ಣೆ ಡೈಮೆಥಿಕೋನಿನಲ್ಲಿ ಬೆರೆಯುವುದೇ ಇಲ್ಲ. ಕೊಬ್ಬರಿ ಎಣ್ಣೆಯೂ ಸರಿಯಾಗಿ ಹೊಂದುವುದಿಲ್ಲ. ಅದು ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುವುದರಿಂದ ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಕ್ರೀಮಿನೊಳಗೆ ಕಾಳುಕಾಳಾಗುತ್ತದೆ. ಎಣ್ಣೆ ಬೇಕೇ ಬೇಕೆಂದರೆ ನಡುವೆ ಸೇತುವೆಯಾಗಿ ಕ್ಯಾಪ್ರಿಲಿಲ್ ಮೆಥಿಕೋನ್ ಅಥವಾ ಐಸೊಪ್ರೊಪೈಲ್ ಮಿರಿಸ್ಟೇಟ್ ಬಳಸಿ, ಎಣ್ಣೆಯನ್ನು ಶೇ. 2ರ ಒಳಗಿಡಿ, ಮತ್ತು ಸಿಲಿಕೋನ್ ಭಾಗವನ್ನಷ್ಟೇ ಮೊದಲು ಕಲಸಿ ಒಂದು ರಾತ್ರಿ ಬಿಟ್ಟು ಅದು ತಿಳಿಯಾಗಿಯೇ ಇದೆಯೇ ಎಂದು ನೋಡಿ.

ಕಾವೇರಿ ನೀರು ಅಥವಾ ಆರ್‌ಒ ನೀರು ನಡೆಯುತ್ತದೆಯೇ?

ಡಿಸ್ಟಿಲ್ಡ್ ನೀರನ್ನೇ ಬಳಸಿ. ನಲ್ಲಿಯಲ್ಲಿ ಇಂದು ಕಾವೇರಿ, ನಾಳೆ ಬೋರ್‌ವೆಲ್, ನಾಡಿದ್ದು ಟ್ಯಾಂಕರ್ ನೀರು ಬರುವ ಬಡಾವಣೆಗಳು ನಮ್ಮಲ್ಲಿ ಹಲವು. ಗಡಸು ನೀರಿನ ಲವಣಗಳು ಸಿಲಿಕೋನ್ ಹೊರಗಿರುವ ಎಮಲ್ಷನ್ನನ್ನು ಒಡೆಯಲಾರವು ಎಂಬುದು ನಿಜ, ಉಪ್ಪನ್ನು ನಾವೇ ಹಾಕುತ್ತೇವಲ್ಲ. ಆದರೆ ಪ್ರತಿ ಬಾರಿಯೂ ನೀರು ಬೇರೆಯಾದರೆ ಕೆಟ್ಟದ್ದಕ್ಕೆ ಕಾರಣ ಹುಡುಕುವುದು ಸಾಧ್ಯವಾಗುವುದಿಲ್ಲ, ಅದರಲ್ಲಿರುವ ಸೂಕ್ಷ್ಮಜೀವಿಗಳ ಹೊರೆಯೂ ತಿಳಿಯುವುದಿಲ್ಲ. ನೀರಿನ ಹನಿಗಳು ಸಿಲಿಕೋನಿನೊಳಗೆ ಬಂದಿಯಾಗಿರುವುದರಿಂದ ಪ್ರಿಸರ್ವೇಟಿವ್ ಬೇಡವೆಂಬ ವಾದವನ್ನು ಕೇಳಿದ್ದೇನೆ. ಅದನ್ನು ಒಪ್ಪಬೇಡಿ. ಬೆರಳು ಅದ್ದಿದ ಡಬ್ಬಿಯಲ್ಲಿ, ಮುಚ್ಚಳದೊಳಗೆ ಕೂಡಿದ ತೇವದಲ್ಲಿ ಬೂಷ್ಟು ಬರಲು ಅಷ್ಟೇ ಸಾಕು, ಮತ್ತು ಈ ಪದಾರ್ಥ ಹೋಗುವುದು ಕಣ್ಣಿನ ಹತ್ತಿರಕ್ಕೆ. ಫಿನಾಕ್ಸಿಈಥನಾಲ್ ಒಟ್ಟು ತೂಕದ ಶೇ. 1 ಮೀರದಿರಲಿ.

ಬಿಸಿ ಮಾಡಬೇಕೇ?

ಮೇಲಿನ ಅಳತೆಗೆ ಬೇಡ. ಮೇಣ ಸೇರಿಸುವುದಾದರೆ ಬಿಸಿನೀರಿನ ಪಾತ್ರೆಯೊಳಗೆ ಬೀಕರ್ ಇಟ್ಟು ಕರಗಿಸಬಹುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ, ಮೇಣಗಳಿಗೆ ಅದು ಧಾರಾಳ. ಎಚ್ಚರ ಬೇಕಾದದ್ದು ಬೆಂಕಿಯ ವಿಷಯದಲ್ಲಿ. ಬೇಗ ಆವಿಯಾಗುವ ಸೈಕ್ಲೊಪೆಂಟಾಸಿಲಾಕ್ಸೇನ್ ಎಂಬ ತೆಳು ಸಿಲಿಕೋನ್ 80 ಡಿಗ್ರಿಯೊಳಗೇ ಹೊತ್ತಿಕೊಳ್ಳಬಲ್ಲ ಆವಿ ಬಿಡುತ್ತದೆ, ಐಸೊಡೋಡೆಕೇನ್ ಎಂಬ ತೆಳು ದ್ರಾವಕ ಅದಕ್ಕಿಂತಲೂ ಬೇಗ. ಇವುಗಳನ್ನು ಗ್ಯಾಸ್ ಒಲೆಯ ಹತ್ತಿರಕ್ಕೂ ತರಬಾರದು, ಕಿಟಕಿ ತೆರೆದಿರಬೇಕು.

ಹಚ್ಚಿದ ಮೇಲೆ ಎರೇಸರ್ ಪುಡಿಯಂತೆ ಸುರುಳಿಯಾಗಿ ಉದುರುತ್ತದೆ, ಏನು ಮಾಡಲಿ?

ಕೆಳಗಿನ ಪದರ ಒಣಗುವ ಮೊದಲೇ ಮೇಲಿನದನ್ನು ಉಜ್ಜಿದಾಗ ಹೀಗಾಗುತ್ತದೆ. ಝಾಂಥನ್ ಗಮ್ ಅಥವಾ ಕಾರ್ಬೋಮರ್ ಹೆಚ್ಚಿರುವ ನೀರಿನ ಸೀರಮ್ ಮೇಲೆ ಸಿಲಿಕೋನ್ ಪ್ರೈಮರ್ ಹಚ್ಚಿದರೆ ಇದು ಬಹಳ ಸಾಮಾನ್ಯ. ಸೀರಮ್ ತೆಳುವಾಗಿ ಹಚ್ಚಿ, ಐದರಿಂದ ಹತ್ತು ನಿಮಿಷ ಬಿಟ್ಟು, ಫೌಂಡೇಶನ್ನನ್ನು ಉಜ್ಜದೆ ತಟ್ಟಿ ಹಚ್ಚಿ.

ಇದು ಎಷ್ಟು ಕಾಲ ಬಾಳುತ್ತದೆ? ಕೆಟ್ಟರೆ ಸರಿಪಡಿಸಬಹುದೇ?

ಮಾಡಿದ ದಿನವೇ ಸ್ವಲ್ಪವನ್ನು ಸಣ್ಣ ಗಾಜಿನ ಶೀಶೆಗೆ ಹಾಕಿ, ದಿನಾಂಕ ಬರೆದು, ಬೆಚ್ಚಗಿನ ಜಾಗದಲ್ಲಿಡಿ. ಇನ್ನೊಂದನ್ನು ರಾತ್ರಿ ಫ್ರೀಜರಿನಲ್ಲಿ, ಹಗಲು ಹೊರಗೆ ಎಂಬಂತೆ ಮೂರು ಸಲ ಆಡಿಸಿ. ಎರಡೂ ನಿಂತರೆ ನಿಮ್ಮ ಡಬ್ಬಿಯೂ ಸಾಮಾನ್ಯವಾಗಿ ನಿಲ್ಲುತ್ತದೆ. ನಾನು ಮೂರು ತಿಂಗಳಿಗಿಂತ ಹೆಚ್ಚು ಇಡುವುದಿಲ್ಲ, ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿ ಮರೆತದ್ದನ್ನು ಮತ್ತೆ ಮುಖಕ್ಕೆ ಹಚ್ಚುವುದಿಲ್ಲ. ಮಾಡುವಾಗಲೇ ಒಡೆದದ್ದನ್ನು ಮಾತ್ರ ಉಳಿಸಿಕೊಳ್ಳಬಹುದು: ಹೊಸ ಬೀಕರಿನಲ್ಲಿ ಸ್ವಲ್ಪ ಸಿಲಿಕೋನ್ ಮತ್ತು ಎಮಲ್ಸಿಫೈಯರ್ ತೆಗೆದುಕೊಂಡು, ಒಡೆದದ್ದನ್ನು ಅದಕ್ಕೆ ತೊಟ್ಟು ತೊಟ್ಟಾಗಿ ಸೇರಿಸಿ ಕಲಕಬೇಕು. ವಾರ ಕಳೆದ ಮೇಲೆ ಒಡೆದದ್ದನ್ನು ಎಸೆಯಿರಿ.

ಸಿಲಿಕೋನ್ ಚರ್ಮದ ರಂಧ್ರ ಮುಚ್ಚುತ್ತದೆ ಎನ್ನುತ್ತಾರಲ್ಲ?

ಡೈಮೆಥಿಕೋನಿನ ಪದರ ನೀರಾವಿಯನ್ನು ಸ್ವಲ್ಪಮಟ್ಟಿಗೆ ಹೊರಬಿಡುತ್ತದೆ, ಅದು ಉಸಿರುಗಟ್ಟಿಸುವ ಹೊದಿಕೆಯಲ್ಲ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಶೇ. 1ರಿಂದ 30ರವರೆಗಿನ ಡೈಮೆಥಿಕೋನನ್ನು ಚರ್ಮರಕ್ಷಕವಾಗಿ ಒಪ್ಪಿದೆ. ನನಗೆ ಹೆಚ್ಚು ಯೋಚನೆ ಹುಟ್ಟಿಸುವುದು ಪರಿಸರ. ಸೈಕ್ಲೊಪೆಂಟಾಸಿಲಾಕ್ಸೇನ್ ಪ್ರಕೃತಿಯಲ್ಲಿ ಬಹುಕಾಲ ಉಳಿಯುವುದರಿಂದ ಐರೋಪ್ಯ ಒಕ್ಕೂಟ ತೊಳೆದುಹೋಗುವ ಸೌಂದರ್ಯವರ್ಧಕಗಳಲ್ಲಿ ಅದನ್ನು 2020ರಿಂದ ಶೇ. 0.1ಕ್ಕೆ ಮಿತಿಗೊಳಿಸಿದೆ. ಈ ಕಾರಣಕ್ಕೇ ಮೇಲಿನ ಅಳತೆಯಲ್ಲಿ ಅದರ ಬದಲು 5 ಸೆಂಟಿಸ್ಟೋಕ್ ಡೈಮೆಥಿಕೋನ್ ಇಟ್ಟಿದ್ದೇನೆ. ಪಾತ್ರೆಗಳನ್ನು ತೊಳೆಯುವ ಮೊದಲು ಕಾಗದದಿಂದ ಒರೆಸಿ ಕಸಕ್ಕೆ ಹಾಕಿದರೆ ಚರಂಡಿಗೆ ಹೋಗುವುದೂ ಕಡಿಮೆಯಾಗುತ್ತದೆ. ಯಾವುದೇ ಹೊಸ ಬ್ಯಾಚ್ ಅನ್ನು ಮೊಣಕೈಯ ಒಳಬದಿಗೆ ಹಚ್ಚಿ ಎರಡು ದಿನ ನೋಡಿದ ಬಳಿಕವೇ ಮುಖಕ್ಕೆ ತನ್ನಿ.

ತಯಾರಿಸಿದ್ದನ್ನು ನೆರೆಹೊರೆಯವರಿಗೆ ಮಾರಬಹುದೇ?

ಪರವಾನಗಿ ಇಲ್ಲದೆ ಮಾರುವಂತಿಲ್ಲ. ಮಾರಾಟಕ್ಕಾಗಿ ಸೌಂದರ್ಯವರ್ಧಕ ತಯಾರಿಸಲು 1940ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆ ಮತ್ತು 2020ರ ಕಾಸ್ಮೆಟಿಕ್ಸ್ ನಿಯಮಗಳ ಅಡಿಯಲ್ಲಿ ರಾಜ್ಯದ ಪರವಾನಗಿ ಪ್ರಾಧಿಕಾರದಿಂದ ಅನುಮತಿ ಪಡೆಯಬೇಕು. ಅಡುಗೆಮನೆಯ ಮೂಲೆಯಲ್ಲಿ ಮಾಡಿದ್ದಕ್ಕೆ ಆ ಅನುಮತಿ ಸಿಗುವುದಿಲ್ಲ. ಬೇರೆ ಜಾಗ, ಸಲಕರಣೆ ಮತ್ತು ಅರ್ಹ ಸಿಬ್ಬಂದಿ ಬೇಕಾಗುತ್ತದೆ. ಈ ಪುಟದಲ್ಲಿ ಕೊಟ್ಟಿರುವ ಅಳತೆ ನಿಮ್ಮ ಸ್ವಂತ ಬಳಕೆಗೆ ಮಾತ್ರ.